ಸೊನ್ನೆ ನೀರು

ಹಾಸನದ ಹಳೇ ಬಸ್‌ಸ್ಟ್ಯಾಂಡಿಂದ ನಡೆದೇ ಬಂದೆ,
ಹೆಗಲ ಚೀಲದಲ್ಲಿ ಹೊಸ ಮೆಂಬ್ರೇನು, ವ್ರೆಂಚು, ಮಧ್ಯಾಹ್ನದ ಚಿತ್ರಾನ್ನ.
ನೀರು ಪರೀಕ್ಷೆಯ ಲ್ಯಾಬಿನ ಬಾಗಿಲಲ್ಲೇ ಜವರಯ್ಯ:
"ನಿಮ್ ಮಿಷನ್ನು ಮೂರು ದಿನದಿಂದ ಕೂಗ್ತಾ ಐತೆ."

ಬಿಚ್ಚಿದೆ.
ಬೆಳ್ಳಗೆ ಕೂರಿಸಿ ಹೋಗಿದ್ದ ಫಿಲ್ಟರು
ಆಷಾಢದ ಹೇಮಾವತಿಯನ್ನೆಲ್ಲ ಮೈಗೆ ಬಳಿದುಕೊಂಡು
ಸುಟ್ಟ ಇಟ್ಟಿಗೆಯಾಗಿತ್ತು.
ಉಗುರಲ್ಲಿ ಕೆರೆದರೆ ನುಣ್ಣನೆ ಮಣ್ಣು,
ಗೊರೂರಿನದೋ, ಅದಕ್ಕೂ ಮೇಲಿನ ಯಾವ ಗುಡ್ಡದ್ದೋ.
ಆರು ತಿಂಗಳಿಗೊಮ್ಮೆ
ನದಿ ನನಗೆ ಬರೆಯುವುದು ಇಷ್ಟೇ.

ಒಂದು ಕೊಡ ಶುದ್ಧಕ್ಕೆ ಮೂರು ಕೊಡ ಆಚೆಗೆ.
ಆ ಮೂರರಲ್ಲಿ ಜವರಯ್ಯ ನೆಲ ಒರೆಸುತ್ತಾನೆ,
ಸೈಕಲ್ಲು ತೊಳೆಯುತ್ತಾನೆ, ಹಿತ್ತಿಲ ನುಗ್ಗೆಗೆ ಹುಯ್ಯುತ್ತಾನೆ.
ನುಗ್ಗೆ ಇನ್ನೂ ದೂರು ಕೊಟ್ಟಿಲ್ಲ.

ಹೊಸ ರಾಳ ತುಂಬಿದೆ, ಮೀನಿನ ಮೊಟ್ಟೆಯಂಥ ಹರಳು.
ಪರದೆಯ ಮೇಲೆ ಹನ್ನೆರಡು, ಹದಿನೈದು, ಹದಿನೇಳು,
ಹದಿನೆಂಟು ಪಾಯಿಂಟ್ ಎರಡು.
ಅಲ್ಲಿಂದಾಚೆ ನೀರಿಗೆ ಹತ್ತಲು ಮೆಟ್ಟಿಲಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಕದ್ದು ಒಂದು ಗುಟುಕು ಕುಡಿದಿದ್ದೆ.
ಸಪ್ಪೆ ಎನ್ನುವುದೂ ಒಂದು ರುಚಿ; ಇದಕ್ಕೆ ಅದೂ ಇಲ್ಲ.
ಹಸಿದ ನೀರು ಇದು.
ಗಾಜಲ್ಲಿಟ್ಟರೆ ಗಾಜನ್ನೇ ನೆಕ್ಕುತ್ತದೆ,
ಬೀಕರಿನಲ್ಲಿ ತೆರೆದಿಟ್ಟರೆ ಕೋಣೆಯ ಗಾಳಿ ತಿಂದು
ಸ್ವಲ್ಪ ಹೊತ್ತಿಗೇ ನಮ್ಮೆಲ್ಲರ ಉಸಿರಿನಷ್ಟು ಹುಳಿ.

ಚಂದ್ರಮತಿ ಮೇಡಂ ಅರಸೀಕೆರೆ ಕಡೆಯವರು.
ನಗುವಾಗ ಬಾಯಿಗೆ ಅಂಗೈ ಅಡ್ಡ.
ನಾಚಿಕೆ ಅಂದುಕೊಂಡಿದ್ದೆ, ನಾಲ್ಕು ವರ್ಷ.

ಮೊದಲ ನಳಿಕೆಗೆ ನನ್ನ ಯಂತ್ರದ ನೀರು ಹಿಡಿದರು.
"ಇದು ಬ್ಲಾಂಕ್. ಇದರಲ್ಲಿ ಏನೂ ಇಲ್ಲ ಅಂತ ನಂಬಿ
ಉಳಿದವಕ್ಕೆಲ್ಲ ಲೆಕ್ಕ ಹಾಕ್ತೀವಿ, ಮುನೀರ್."
ಕೆಂಪು ದ್ರಾವಣ ಬಿಟ್ಟರು.
ಏನೂ ಇಲ್ಲದ್ದು ದಾಸವಾಳದ ಹಾಗೆ ನಿಂತಿತು.
ಫ್ಲೋರೈಡ್ ಇದ್ದಷ್ಟೂ ಬಣ್ಣ ಇಳಿಯುತ್ತದಂತೆ.

ಇಪ್ಪತ್ತಮೂರನೇ ಬಾಟಲಿ
ಒಗೆದು ಒಗೆದು ಮಾಸಿದ ಸ್ಕೂಲ್ ರಿಬ್ಬನ್ನು.
ಚೀಟಿಯ ಮೇಲೆ: ಕಲ್ಗುಂಡಿ, ಶಾಲೆ ಬೋರ್‌ವೆಲ್.
"ಏಳನೇ ಕ್ಲಾಸಿನವರೆಗೂ ನಾನು ಅದನ್ನೇ ಕುಡಿದದ್ದು,"
ಅಂದರು, ಕೈ ಅಡ್ಡ ಇಡದೆ.
ಹಲ್ಲಿನ ಮೇಲೆ ಕಂದು ಗೆರೆಗಳು.
ನನ್ನ ಕೈಯಲ್ಲಿ ಇನ್ನೂ ಆ ಫಿಲ್ಟರಿತ್ತು.

ಮೂರು ಪಾಯಿಂಟ್ ಒಂದು.
ರಿಜಿಸ್ಟರಿನಲ್ಲಿ ಬರೆಯಲಿಲ್ಲ. ನಳಿಕೆ ತೊಳೆದು ಮತ್ತೆ ನೋಡಿದರು.
ಮತ್ತೂ ಅಷ್ಟೇ.
"ನಿಮ್ಮ ನೀರು ಸರಿಯಿದೆ ತಾನೆ?"
ಪರದೆಯತ್ತ ತಿರುಗಿದೆ. ಒಂದಾದರೂ ಅಂಕೆ ಇಳಿದಿರಲಿ ಅಂತ
ಈ ಕಸುಬಿನಲ್ಲಿ ಮೊದಲ ಸಲ ಬೇಡಿಕೊಂಡೆ.

"ಸರಿಯಿದೆ, ಮೇಡಂ."

ಪೆನ್ನಿನ ಮುಚ್ಚಳ ತೆಗೆದರು.
ಹಳೇ ಫಿಲ್ಟರನ್ನು ಪೇಪರಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ;
ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡರೆ
ಅರಸೀಕೆರೆ ದಾಟುವವರೆಗೂ ತೇವ.