ಮುಳ್ಳು

ಅಜ್ಮಾನಿನ ಆಗಸ್ಟು. ತಾರಸಿಯಲ್ಲಿ ಸ್ಪ್ಯಾನರು
ಬರಿಗೈಯಲ್ಲಿ ಹಿಡಿಯಲಾರದಷ್ಟು ಬಿಸಿ.
ಗೇಜಿನ ಕೆಂಪು ಮುಳ್ಳು ಎಲ್ಲಿರಬಾರದೋ ಅಲ್ಲಿ.

"ಗ್ಯಾಸು ಸೋರಿರಬೇಕು ಉಸ್ತಾದ್," ಅಂದ ಸಫ್ವಾನ್,
ಕೆಲಸಕ್ಕೆ ಸೇರಿ ಹನ್ನೊಂದು ದಿನ.
ಸೋರಿದ್ದರೆ ಮುಳ್ಳು ಬೀಳಬೇಕಿತ್ತು ಮಾರಾಯ, ಏರುತ್ತದಾ?
ಅವನ ಮೊದಲ ಊಹೆ ಅಲ್ಲೇ ಸತ್ತಿತು.
ನಾಚಿಕೊಂಡ. ನಾಚಿಕೆ ಯಾಕೆ,
ಸಾಯಲು ತಯಾರಿಲ್ಲದ್ದು ಊಹೆಯೇ ಅಲ್ಲ,
ಅದು ಬರೀ ಹಠ.

ನನ್ನದು ಎರಡನೆಯದು: ಫ್ಯಾನು ನಿಂತಿದೆ.
ಬಗ್ಗಿ ನೋಡಿದರೆ ಗಿರಗಿರ ತಿರುಗುತ್ತಿದೆ,
ನನ್ನ ಇಪ್ಪತ್ತೆರಡು ವರ್ಷದ ಸರ್ವಿಸಿಗೆ ಗಾಳಿ ಹಾಕುತ್ತ.

"ಊಹೆಗೆ ವಯಸ್ಸಾದರೆ ನಿಯಮ ಆಗ್ತದಾ?"
ನೀರಿನ ಬಾಟಲಿ ಕೊಡುತ್ತ ಕೇಳಿದ.
ಇಲ್ಲ. ಹೆಲ್ಪರು ಫೋರ್‌ಮನ್ ಆಗುವ ಹಾಗೆ
ಅಲ್ಲಿ ಬಡ್ತಿ ಇಲ್ಲ.
ನಿಯಮ ಇಷ್ಟೇ ಹೇಳುತ್ತದೆ:
ಮುಚ್ಚಿಟ್ಟ ಗ್ಯಾಸು ಕಾದರೆ ಒತ್ತಡ ಏರುತ್ತದೆ, ಇಷ್ಟಕ್ಕೆ ಇಷ್ಟು,
ಇಲ್ಲೂ, ಉಪ್ಪಿನಂಗಡಿಯಲ್ಲಿ ಬಿಸಿಲಿಗೆ ನಿಂತ ಸೈಕಲ್ಲಿನ ಟೈರಿನಲ್ಲೂ.
ಈ ಹೊತ್ತು ಯಾಕೆ ಕಾಯಿತು ಎಂದು ಕೇಳು,
ಬಾಯಿ ಬಿಡುವುದಿಲ್ಲ.
ಯಾಕೆ ಎನ್ನುವ ಸಂದಿಗೆ ಕೈ ಹಾಕುವುದು ನಾವು;
ಚೇಳೂ ಇರಬಹುದು.

ಪ್ಯಾರಾಪೆಟ್ ಗೋಡೆಯ ಸಂದಿಗೆ ಕೈ ಹಾಕಿದವನು ಅವನೇ.
ಎಳೆದ: ಯಾರೋ ಒಗೆದು ಹಾಕಿದ ಕಂಬಳಿ,
ಕಾಯಿಲಿನ ಬೆನ್ನಿಗಂಟಿ ಉಸಿರು ಕಟ್ಟಿಸಿತ್ತು.
ಮುಳ್ಳು ಇಳಿಯತೊಡಗಿತು, ಅವಸರವಿಲ್ಲದೆ,
ಯಾರನ್ನೂ ಮೆಚ್ಚದೆ.

ಕಂಬಳಿಯ ಮೂಲೆಯಲ್ಲಿ ನೀಲಿ ದಾರದ ಒಂದಕ್ಷರ,
ನಮಗಿಬ್ಬರಿಗೂ ಓದಲು ಬಾರದ ಲಿಪಿ.
ಈ ಸೆಕೆಯಲ್ಲಿ ಕಂಬಳಿ ಯಾರಿಗೆ ಬೇಕು?
ಸಫ್ವಾನ್ ಆಗಲೇ ಶುರು ಮಾಡಿದ್ದ:
"ಜ್ವರ ಇರಬೇಕು ಉಸ್ತಾದ್, ಕೆಳಗೆ ಯಾರಿಗೋ..."