ನಾಲ್ಕು ರೂಬಲ್ ಅರವತ್ತು

ಪಾತ್ರೆಯ ಮುಖ ನೋಡಿ ಕೊಳ್ಳಬೇಡ, ತಳ ನೋಡು.
ಓಶ್ ಪಟ್ಟಣದ ಚಹಾಖಾನೆಯಲ್ಲಿ ಹನ್ನೊಂದು ವರ್ಷ
ಯಾರೋ ಉಂಡ ಪಾತ್ರೆಗಳ ತಳ ಉಜ್ಜಿದ
ತುರ್ಸುನಾಯ್ ಹೇಳುವ ಮಾತಿದು.
ಹೊಳಪು ವಾರದ ನೆಂಟ.
ಸೀಕಲು, ಅಂಟು, ಸೀಳು, ಇವು ಮನೆಯವರು.

ಆ ಭಾನುವಾರ ಕೈಯಲ್ಲಿ ಒಂಬೈನೂರು ಸೋಮ್.
ಎಣಿಸಿದೆ. ಬಸ್ಸಿನಲ್ಲಿ ಮತ್ತೆ ಎಣಿಸಿದೆ.
ನೋಟು ಮರಿ ಹಾಕಿರಲಿಲ್ಲ.

ಹೊಳೆದಂಡೆಯ ಬಜಾರಿನ ಮೊದಲ ಸಾಲು
ಕನ್ನಡಿಯಂಥ ಉಕ್ಕು. ನನ್ನ ಮುಖ ಕಂಡಿತು,
ಪಕ್ಕದಲ್ಲೇ ಬೆಲೆಯೂ.
ಎರಡನ್ನೂ ಅಲ್ಲೇ ಬಿಟ್ಟು ಬಂದೆ.

ಎರಡನೇ ಸಾಲು ಅಲ್ಯೂಮಿನಿಯಮ್, ಆರುನೂರಕ್ಕೊಂದು.
ಎತ್ತಿದರೆ ಒಣರೊಟ್ಟಿಯ ತೂಕ,
ಹೆಬ್ಬೆರಳು ಒತ್ತಿದರೆ ತಗ್ಗು.
ಇಂಥದರಲ್ಲಿ ಅಕ್ಕಿ ಹಾಕಿದರೆ
ಮೇಲೆ ಹಸಿ, ಕೆಳಗೆ ಮಸಿ.
ಮೂರು ಕೊಂಡು ಮೂರೂ ಗುಜರಿಗೆ ಹಾಕಿದ್ದೇನೆ,
ಕೂಡಿದರೆ ಒಂದು ಒಳ್ಳೆಯದರ ದುಡ್ಡು.
ಅಗ್ಗದ್ದು ಎಷ್ಟು ದುಬಾರಿ ಅಂತ
ಬಡವರನ್ನು ಕೇಳಬೇಕು. ಯಾರೂ ಕೇಳಲಿಲ್ಲ. ಮುಂದೆ ನಡೆದೆ.

ಸೇತುವೆಯ ಕೆಳಗೆ ಮಾಮಾಸಾಲಿಯ ತಾಡಪಾಲು:
ನಲ್ಲಿಯ ತಲೆಗಳು, ಬಾಗಿಲ ಹಿಡಿ,
ಒಕ್ಕಣ್ಣಿನ ಗೊಂಬೆ, ಯಾರದೋ ಪದಕ,
ಮೂಲೆಯಲ್ಲೊಂದು ಕಜಾನ್,
ದುಂಡು ಹೊಟ್ಟೆಯ ಎರಕದ ಕಬ್ಬಿಣ.
ಪುಣ್ಯಾತ್ಮ ಅದರ ತುಂಬ ಮೊಳೆ ಸುರಿದಿದ್ದ.

"ಮೊಳೆ ಹೇಗೆ?" ಅಂದೆ.
"ಕಿಲೋಗೆ ಎಂಬತ್ತು."
"ಈ ತುಕ್ಕಿನ ಡಬರಿ?"
ನಕ್ಕ. ಮೂರು ಹಲ್ಲು ಚಿನ್ನ.
"ಡಬರಿ ಎರಡು ಸಾವಿರ, ತಂಗೀ."

ಮೊಳೆ ಸುರಿದು ಬೋರಲು ಹಾಕಿದೆ.
ತಳದಲ್ಲಿ ಉಬ್ಬಿದ ಅಕ್ಷರ, ಎರಕದ ಜೊತೆಗೇ ಹುಟ್ಟಿದ ಬೆಲೆ:
ನಾಲ್ಕು ರೂಬಲ್ ಅರವತ್ತು ಕೊಪೆಕ್.
"ಇಲ್ಲೇ ಬರೆದಿದೆಯಲ್ಲ!"
"ಬರೆದ ದೇಶವನ್ನು ಕರೆದುಕೊಂಡು ಬಾ,
ಆ ಬೆಲೆಗೇ ಕೊಡುತ್ತೇನೆ."

ಜೇಬಿನಲ್ಲಿ ಚಮಚ ಇಟ್ಟುಕೊಂಡೇ ಹೋಗಿದ್ದೆ.
ಕಿವಿಯಲ್ಲಿ ಬೆರಳು ತೂರಿಸಿ ಎತ್ತಿ, ಬಡಿದೆ.
ಸೀಳಿದ ಕಬ್ಬಿಣ ಕೆಮ್ಮುತ್ತದೆ.
ಇದು ಕೆಮ್ಮಲಿಲ್ಲ. ಉದ್ದಕ್ಕೆ ಎಳೆದು ಹಾಡಿತು,
ಪಕ್ಕದ ಪಾರಿವಾಳ ಮಾರುವವನೂ ತಿರುಗಿ ನೋಡಿದ.
ಬಾರಿಸಬಾರದಿತ್ತು.
"ಎರಡು ಸಾವಿರದ ಇನ್ನೂರು" ಅಂದ ಮಾಮಾಸಾಲಿ.

ಅವನ ಬೆನ್ನ ಹಿಂದೆ ನಾಲ್ಕು ಹಿತ್ತಾಳೆ ಸಮೋವರ್,
ಕಿಲುಬು ಹಿಡಿದು ಪಾಚಿಗಟ್ಟಿದ ಕಪ್ಪೆಗಳ ಹಾಗೆ ಕುಂತಿದ್ದವು.
"ಹೀಗೇ ಇದ್ದರೆ ಯಾರು ಕೊಳ್ಳುತ್ತಾರೆ?
ಎಂಟುನೂರ ಎಂಬತ್ತು ತಗೋ,
ಇವನ್ನು ನಾನು ಬೆಳಗಿ ಕೊಡುತ್ತೇನೆ."
ಅವನು ನನ್ನ ಕೈ ನೋಡಿದ, ಮುಖವನ್ನಲ್ಲ.
ತಳ ನೋಡುವುದು ಅವನಿಗೂ ಗೊತ್ತಿತ್ತು.

ಹೊಳೆಯ ಮರಳು, ವಿನಿಗರ್, ಹಳೆಯ ಕಾಲುಚೀಲ.
ಹೊತ್ತು ಮುಳುಗುವಷ್ಟರಲ್ಲಿ ನಾಲ್ಕನೆಯದರ ಹೊಟ್ಟೆಯಲ್ಲಿ
ಬೆಳಿಗ್ಗೆ ಬಿಟ್ಟು ಬಂದ ಮುಖ ಸಿಕ್ಕಿತು,
ಸ್ವಲ್ಪ ಉದ್ದವಾಗಿ.

ಉಳಿದ ಇಪ್ಪತ್ತು ಬಸ್ಸಿಗೆ.
ಕಜಾನ್ ತೊಡೆಯ ಮೇಲೆ ಕೂತಿತ್ತು,
ಟಿಕೆಟ್ಟು ಕೇಳಲಿಲ್ಲ.

ಇಟ್ಟಿಗೆ ಚೂರಿನಲ್ಲಿ ತಿಕ್ಕಿದೆ, ಉಪ್ಪು ಹುರಿದೆ,
ಹತ್ತಿಬೀಜದ ಎಣ್ಣೆ ಸವರಿ ಕಾಯಿಸಿದೆ.
ಹೊಗೆ ಮೇಲಿನ ಮನೆಗೆ ಹೋಯಿತು,
ಕುಂದುಜ್ ಸೌಟಿನಿಂದ ಪೈಪು ಬಡಿದಳು.
ಮೊದಲ ವಾರ ಈರುಳ್ಳಿ ಅಂಟಿತು.
ಎರಡನೇ ವಾರ ಗಜ್ಜರಿ.
ಮೊಳೆಯ ನೆನಪು ಬಿಡಲು ಅದಕ್ಕೂ ಸಮಯ ಬೇಕಲ್ಲ.

ಮೂರನೇ ಗುರುವಾರ ಪಲಾವು
ತಳ ಬಿಟ್ಟು ಸಲೀಸಾಗಿ ಎದ್ದು ಬಂತು,
ಒಂದು ಅಗುಳೂ ಹಿಂದೆ ಉಳಿಯದೆ.
ಈ ಸಲ ಕುಂದುಜ್ ಪೈಪು ಬಡಿಯಲಿಲ್ಲ.
ತಟ್ಟೆ ಹಿಡಿದು ಇಳಿದು ಬಂದಳು.

"ಎಷ್ಟು ಕೊಟ್ಟೆ ಇದಕ್ಕೆ?"

"ನಾಲ್ಕು ರೂಬಲ್ ಅರವತ್ತು.
ನಂಬದಿದ್ದರೆ ತಳ ನೋಡು,
ಉಂಡಾದ ಮೇಲೆ."