ಒಂದು ದೀರ್ಘ

ನೂರಡಿ ರಸ್ತೆಯ ನನ್ನ ಡಿಟಿಪಿ ಅಂಗಡಿಗೆ
ಹೊಳಲಿನ ಜವರಪ್ಪ ತಂದದ್ದು ಹನ್ನೊಂದು ಹಾಳೆ,
ಮುಂಗೈ ತುಂಬ ಕಬ್ಬಿನ ಗರಿಯ ಗೀರು.
‘ಹಾಳೆಗೆ ಹದಿನೈದಾ? ಹತ್ತು ಮಾಡ್ಕವ್ವ.
ಮಂತ್ರಿಗೆ ಕೊಡೋದು, ತಪ್ಪಿರಬಾರ್ದು.’
ಮೂರು ಸಲ ಓದಿಸಿಕೊಂಡ. ಒಂದೂ ತಪ್ಪಿರಲಿಲ್ಲ.

ಅದೇ ಸಂಜೆ, ಇನ್ನೇನು ಕರೆಂಟು ಹೋಗಬೇಕು,
ಕಾರ್ಖಾನೆ ಸಂಘದವರು ಪೆನ್‌ಡ್ರೈವ್ ಚಾಚಿದರು.
ಮಸೂದೆಯ ಕರಡು. ಏಳನೇ ಕಲಮು:
‘ಹದಿನಾಲ್ಕು ದಿನದೊಳಗೆ ಪಾವತಿಸತಕ್ಕದ್ದು.’
‘ತಕ್ಕದ್ದು ತೆಗೀರಿ, ಬಹುದು ಹಾಕಿ. ಅಷ್ಟೇ.’
ಐನೂರು ಕೊಟ್ಟು ಚಿಲ್ಲರೆ ಕೇಳಲಿಲ್ಲ.
ಅವಸರಕ್ಕೆ ಇಡೀ ಸಾಲನ್ನೇ ಹೊಸದಾಗಿ ಹೊಡೆದೆ;
ಕಾರ್ಖಾನೆಯ ಒಂದು ದೀರ್ಘ ಬಿಟ್ಟುಹೋಯಿತು.

ಆಷಾಢ ಕಳೆದು ರಾಜ್ಯಪತ್ರ ಬಂತು.
ಏಳನೇ ಕಲಮು: ‘ಕಾರ್ಖನೆಯು ಪಾವತಿಸಬಹುದು.’
ಬೆರಳಿಟ್ಟು ನೋಡಿದೆ. ನನ್ನದೇ ತಪ್ಪು,
ಸಮಿತಿ ದಾಟಿ, ಸದನ ದಾಟಿ, ಸಹಿ ದಾಟಿ
ಗಂಡಭೇರುಂಡದ ಕೆಳಗೆ
ನೆಟ್ಟಗೆ ಕೂತಿದೆ.

ಜವರಪ್ಪ ಮತ್ತೆ ಬಂದಿದ್ದಾನೆ, ಇನ್ನೊಂದು ಮನವಿ.
‘ಹೋದ್ಸಲದ್ದ ಯಾರಾದ್ರೂ ಓದಿರ್ತಾರೆ ಅಂತೀಯವ್ವ?’

ಕೀಲಿಮಣೆಯ ಮೇಲೆ ಬೆರಳು ನಿಂತಿದೆ.
ಈ ಸಲ ಒಂದು ತಪ್ಪು ಬಿಡಲೇ,
ಗುರುತಿಗೆ?